ಹೇಂಟೆ ಮೆತ್ತನೆ ಮೊಟ್ಟೆ ಇಡುತ್ತಿದ್ದರೆ: ಕಾರಣ ಹುಡುಕುವ ಕ್ರಮ

ಮೆತ್ತನೆ ಮೊಟ್ಟೆ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಉತ್ತರ ಒಂದೇ: ಕ್ಯಾಲ್ಸಿಯಂ ಕಡಿಮೆಯಾಗಿದೆ, ಕಪ್ಪೆಚಿಪ್ಪಿನ ಪುಡಿ ಹಾಕಿ. ಅನೇಕ ಸಲ ಅದು ನಿಜವೇ. ಆದರೆ ಅಷ್ಟೇ ಸಲ ಮೇವಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದೂ ಚಿಪ್ಪು ಕಟ್ಟಿರುವುದಿಲ್ಲ. ಹೇಂಟೆ ರಾತ್ರಿ ಬೆದರಿರಬಹುದು, ಸೆಕೆಯಲ್ಲಿ ಏದುಸಿರು ಬಿಟ್ಟಿರಬಹುದು, ಮ್ಯಾಶ್‌ನ (ಅರೆದು ಬೆರೆಸಿದ ಪುಡಿ ಮೇವಿನ) ದಪ್ಪ ನುಚ್ಚನ್ನಷ್ಟೇ ಆರಿಸಿ ತಿಂದು ಖನಿಜವಿರುವ ಪುಡಿಯನ್ನು ತಟ್ಟೆಯಲ್ಲೇ ಬಿಟ್ಟಿರಬಹುದು, ಅಂಡನಾಳಕ್ಕೆ ಸೋಂಕು ತಗುಲಿರಬಹುದು. ಕಾರಣ ತಿಳಿಯದೆ ಪುಡಿ ಸುರಿಯುತ್ತಾ ಕುಳಿತರೆ ಹೇಂಟೆ ತನ್ನ ಮೂಳೆಯನ್ನೇ ಕರಗಿಸಿ ಮೊಟ್ಟೆ ಇಡುತ್ತಾ ಸೊರಗುತ್ತದೆ. ಆದ್ದರಿಂದ ಕೆಳಗಿನ ಕ್ರಮದಲ್ಲಿ ಹುಡುಕಿ. ಕ್ರಮ ಮುಖ್ಯ. ಮೊದಲು ಹೇಂಟೆ, ಆಮೇಲೆ ಮೊಟ್ಟೆ, ಆಮೇಲೆ ಮೇವು ಮತ್ತು ಗೂಡು.

ಮೊದಲು ಹೇಂಟೆಯನ್ನು ನೋಡಿ

ಮೊಟ್ಟೆಯನ್ನು ಪಕ್ಕಕ್ಕಿಟ್ಟು ಹೇಂಟೆಯ ಹತ್ತಿರ ಹೋಗಿ. ಓಡಾಡುತ್ತಿದೆಯೇ, ಕೆದಕುತ್ತಿದೆಯೇ, ಮೇವಿಗೆ ಬರುತ್ತಿದೆಯೇ, ಜುಟ್ಟು ಕೆಂಪಗಿದೆಯೇ? ಎಲ್ಲಕ್ಕೂ ಹೌದು ಎಂಬ ಉತ್ತರವಿದ್ದರೆ ನಿಮಗೆ ಸಮಯವಿದೆ, ನಿಧಾನವಾಗಿ ಹುಡುಕಬಹುದು.

ಹೀಗಲ್ಲದೆ ಹೇಂಟೆ ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ, ಗರಿ ಉಬ್ಬಿಸಿಕೊಂಡು ಒಂದೇ ಕಡೆ ನಿಂತಿದ್ದರೆ, ಮತ್ತೆ ಮತ್ತೆ ಗೂಡಿಗೆ ಹೋಗಿ ತಿಣುಕಿ ಬರಿಗೈಯಲ್ಲಿ ಹೊರಬರುತ್ತಿದ್ದರೆ, ಮೊಟ್ಟೆ ಒಳಗೇ ಸಿಕ್ಕಿಕೊಂಡಿದೆ ಎಂದು ಸಂದೇಹಿಸಿ. ಮೆತ್ತನೆ ಮೊಟ್ಟೆ ಗಟ್ಟಿ ಮೊಟ್ಟೆಗಿಂತ ಹೆಚ್ಚು ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಅಂಡನಾಳದ ಸ್ನಾಯುಗಳಿಗೆ ಒತ್ತಿ ತಳ್ಳಲು ಗಟ್ಟಿಯಾದ ಆಧಾರವೇ ಇರುವುದಿಲ್ಲ. ಜೊತೆಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದ್ದರೆ ಆ ಸ್ನಾಯುಗಳ ಬಲವೂ ಕುಂದಿರುತ್ತದೆ. ಹೇಂಟೆಯನ್ನು ಕೈಗೆ ಹಿತವಾಗುವಷ್ಟು ಬೆಚ್ಚಗಿನ, ಸುಮಾರು 38 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಇಪ್ಪತ್ತು ನಿಮಿಷ ಕೂರಿಸಿ. ಮೈ ಒರೆಸಿ, ಬೆಚ್ಚಗಿನ, ಮಬ್ಬು ಬೆಳಕಿನ ಸದ್ದಿಲ್ಲದ ಜಾಗದಲ್ಲಿ ಬಿಡಿ. ಹೊಟ್ಟೆಯನ್ನು ಹಿಂಡಬೇಡಿ. ಒಳಗಿನ ಮೊಟ್ಟೆಯನ್ನು ಒಡೆದು ತೆಗೆಯಲು ಎಂದಿಗೂ ಹೋಗಬೇಡಿ, ಒಡೆದ ಮೊಟ್ಟೆ ಒಳಗೇ ಉಳಿದರೆ ಸೋಂಕು ಖಚಿತ ಎನ್ನುವಷ್ಟು ಅಪಾಯವಿದೆ. ಕೆಲವು ಗಂಟೆಗಳಲ್ಲಿ ಮೊಟ್ಟೆ ಬಾರದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಿರಿ. ಅವರು ಕೊಡುವ ಕ್ಯಾಲ್ಸಿಯಂ ಚುಚ್ಚುಮದ್ದು ಮಾಡುವ ಕೆಲಸವನ್ನು ಮನೆಯ ಯಾವ ಉಪಾಯವೂ ಮಾಡಲಾರದು.

ಇನ್ನೊಂದು ತುರ್ತು ಸಂದರ್ಭವಿದೆ. ಹಿಂದಿನ ಸಂಜೆ ಚೆನ್ನಾಗಿಯೇ ಇದ್ದ ಹೇಂಟೆ ಬೆಳಗ್ಗೆ ಕಾಲು ಚಾಚಿ ಮಲಗಿರುತ್ತದೆ, ಎದ್ದು ನಿಲ್ಲಲಾಗುವುದಿಲ್ಲ, ಆದರೆ ಕಣ್ಣು ಚುರುಕಾಗಿರುತ್ತದೆ. ರಾತ್ರಿಯಿಡೀ ಚಿಪ್ಪು ಕಟ್ಟಲು ರಕ್ತದ ಕ್ಯಾಲ್ಸಿಯಂ ಖರ್ಚಾಗಿ ಸ್ನಾಯುಗಳು ಸೋತಿರುವ ಲಕ್ಷಣ ಇದು. ಕಾಯುತ್ತಾ ಕೂರುವ ವಿಷಯವಲ್ಲ, ಆಗಲೇ ವೈದ್ಯರಿಗೆ ತೋರಿಸಬೇಕು. ತಾನಾಗಿ ನುಂಗಲಾಗದ ಹಕ್ಕಿಯ ಬಾಯಿಗೆ ದ್ರವ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಚಿಪ್ಪು ಕಟ್ಟುವುದು ರಾತ್ರಿ

ಮುಂದಿನ ಎಲ್ಲ ಪರೀಕ್ಷೆಗಳಿಗೂ ಇದೇ ಬುನಾದಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅಂಡಾಶಯದಿಂದ ಬಿಡುಗಡೆಯಾದ ಭಂಡಾರವನ್ನು, ಅಂದರೆ ಹಳದಿ ಭಾಗವನ್ನು, ಅಂಡನಾಳದ ಬಾಯಿ ಹಿಡಿದುಕೊಳ್ಳುತ್ತದೆ. ಮುಂದಿನ ಭಾಗದಲ್ಲಿ ಸುಮಾರು ಮೂರು ಗಂಟೆ ಬಿಳಿಭಾಗ ಸುತ್ತಿಕೊಳ್ಳುತ್ತದೆ. ಅದರ ಮುಂದೆ ಒಂದು ಗಂಟೆಗೂ ತುಸು ಹೆಚ್ಚು ಹೊತ್ತು ಎರಡು ಪದರದ ಪೊರೆ ಹೆಣೆಯುತ್ತದೆ. ಉಳಿದ 18ರಿಂದ 20 ಗಂಟೆ ಪೂರ್ತಿ ಚಿಪ್ಪು ಕಟ್ಟುವ ಗ್ರಂಥಿಯಲ್ಲಿಯೇ ಕಳೆಯುತ್ತದೆ. ಅಲ್ಲಿಯೂ ಮೊದಲ ಕೆಲವು ಗಂಟೆ ಬಿಳಿಭಾಗಕ್ಕೆ ನೀರು ಸೇರಿ ಮೊಟ್ಟೆ ಉಬ್ಬುತ್ತದೆ, ಆಮೇಲೆ ಚಿಪ್ಪು ಬಿರುಸಾಗಿ ಕಟ್ಟತೊಡಗುತ್ತದೆ. ಕಂದು ಮೊಟ್ಟೆ ಇಡುವ ಹೇಂಟೆಯಾದರೆ ಬಣ್ಣದ ಬಹುಪಾಲು ಬೀಳುವುದು ಕೊನೆಯ ಕೆಲವೇ ಗಂಟೆಗಳಲ್ಲಿ.

ಬೆಳಗ್ಗೆ ಮೊಟ್ಟೆ ಇಡುವ ಹೇಂಟೆಯ ಲೆಕ್ಕ ಹಾಕಿ ನೋಡಿ. ಚಿಪ್ಪಿನ ಮುಖ್ಯ ಕೆಲಸವೆಲ್ಲ ನಡೆಯುವುದು ಕತ್ತಲಲ್ಲಿ, ಹೇಂಟೆ ಗಳದ ಮೇಲೆ ನಿದ್ದೆಯಲ್ಲಿರುವಾಗ, ಒಂದು ಕಾಳನ್ನೂ ತಿನ್ನದಿರುವಾಗ. ಅಷ್ಟು ಹೊತ್ತಿಗೆ ಬೇಕಾದ ಕ್ಯಾಲ್ಸಿಯಂ ಎರಡು ಕಡೆಯಿಂದ ಬರಬೇಕು. ಒಂದು, ಸಂಜೆ ತಿಂದು ಜಠರದಲ್ಲಿ ಉಳಿದು ನಿಧಾನವಾಗಿ ಕರಗುವ ದಪ್ಪ ಚಿಪ್ಪಿನ ಚೂರುಗಳಿಂದ. ಇನ್ನೊಂದು, ಮೂಳೆಯಿಂದ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಮುಂಚೆಯೇ ಹೇಂಟೆಯ ಉದ್ದ ಮೂಳೆಗಳ ಒಳಗೆ ಕ್ಯಾಲ್ಸಿಯಂ ಸಂಗ್ರಹಿಸುವ ವಿಶೇಷ ಮೂಳೆ ಬೆಳೆಯುತ್ತದೆ. ಅದು ಹಗಲು ತುಂಬುವ, ರಾತ್ರಿ ಖಾಲಿಯಾಗುವ ಕಣಜ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಬೇಕು. ಹೇಂಟೆಯ ಇಡೀ ಅಸ್ಥಿಪಂಜರದಲ್ಲಿರುವುದು ಸುಮಾರು 20 ಗ್ರಾಂ. ಹತ್ತನೇ ಒಂದು ಭಾಗ ಒಂದೇ ರಾತ್ರಿಯಲ್ಲಿ ಹೊರಹೋಗುತ್ತದೆ ಎಂದರೆ ಈ ಪುಟ್ಟ ಜೀವದ ಮೇಲಿನ ಭಾರ ಎಷ್ಟೆಂದು ಊಹಿಸಿ.

ಆದ್ದರಿಂದ ಮೆತ್ತನೆ ಮೊಟ್ಟೆ ಸಿಕ್ಕಾಗ ಕೇಳಬೇಕಾದ ಮೊದಲ ಪ್ರಶ್ನೆ: ನಿನ್ನೆ ಮಧ್ಯಾಹ್ನದಿಂದ ಇಂದು ಬೆಳಗಿನವರೆಗೆ ಏನು ನಡೆಯಿತು? ಮೇವು ಬದಲಾಯಿತೇ, ನೀರು ಖಾಲಿಯಾಗಿತ್ತೇ, ರಾತ್ರಿ ನಾಯಿ ಬೊಗಳುತ್ತಿತ್ತೇ, ಗೂಡು ಸೆಕೆಯಾಗಿತ್ತೇ?

ಒಂದೇ ಹೇಂಟೆಯೋ, ಇಡೀ ಗುಂಪೋ?

ಈ ಒಂದು ಉತ್ತರ ಅರ್ಧ ಹುಡುಕಾಟವನ್ನು ಮುಗಿಸುತ್ತದೆ. ಒಂದೇ ಮೇವು ತಿನ್ನುವ ಗುಂಪಿನಲ್ಲಿ ಒಂದೇ ಹೇಂಟೆ ಮೆತ್ತನೆ ಮೊಟ್ಟೆ ಇಡುತ್ತಿದ್ದರೆ ತಪ್ಪು ಮೇವಿನಲ್ಲಿರುವ ಸಾಧ್ಯತೆ ಕಡಿಮೆ. ಆ ಹೇಂಟೆಯ ವಯಸ್ಸು, ಆರೋಗ್ಯ, ಗುಂಪಿನಲ್ಲಿ ಅದಕ್ಕಿರುವ ಸ್ಥಾನ ಇವುಗಳನ್ನು ನೋಡಬೇಕು. ಹಲವು ಹೇಂಟೆಗಳ ಚಿಪ್ಪು ಒಟ್ಟಿಗೇ ತೆಳುವಾಗಿದ್ದರೆ ಮೇವು, ಸೆಕೆ, ನೀರು ಅಥವಾ ಹರಡುವ ರೋಗ.

ಯಾವ ಹೇಂಟೆ ಎಂದು ತಿಳಿಯದಿದ್ದರೆ ಸಂಜೆ ಒಂದೊಂದನ್ನೇ ಕೈಗೆತ್ತಿಕೊಳ್ಳಿ. ಮೊಟ್ಟೆ ಇಡುತ್ತಿರುವ ಹೇಂಟೆಯ ಗುದದ್ವಾರ ಅಗಲವಾಗಿ ತೇವವಾಗಿರುತ್ತದೆ, ಅದರ ಎರಡೂ ಬದಿಯ ಚೂಪು ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಅಂತರವಿರುತ್ತದೆ. ಮೊಟ್ಟೆ ನಿಲ್ಲಿಸಿರುವ ಹೇಂಟೆಯಲ್ಲಿ ಈ ಅಂತರ ಕಿರಿದು, ಗುದದ್ವಾರ ಒಣಗಿ ಮುದುಡಿರುತ್ತದೆ. ಹೀಗೆ ಪಟ್ಟಿ ಚಿಕ್ಕದಾಗುತ್ತದೆ. ಉಳಿದವುಗಳಲ್ಲಿ ಒಂದರ ಗುದದ್ವಾರಕ್ಕೆ ತಿನ್ನುವ ಬಣ್ಣ ಸವರಿದರೆ ಅದರ ಮೊಟ್ಟೆಯ ಮೇಲೆ ಗುರುತು ಮೂಡುತ್ತದೆ. ಇಷ್ಟೂ ಆಗದಿದ್ದರೆ ಸಂದೇಹವಿರುವ ಹೇಂಟೆಯನ್ನು ಇತರ ಕೋಳಿಗಳು ಕಾಣುವಂತೆ ಬೇರೆ ಗೂಡಿನಲ್ಲಿ ಎರಡು ಮೂರು ದಿನ ಇರಿಸಿ. ಪೂರಾ ಮರೆ ಮಾಡಿದರೆ ಆ ಒಂಟಿತನದ ಒತ್ತಡವೇ ಇನ್ನೊಂದು ಮೆತ್ತನೆ ಮೊಟ್ಟೆಗೆ ಕಾರಣವಾದೀತು.

ಮೆತ್ತನೆ ಮೊಟ್ಟೆಗಳ ಲೆಕ್ಕ ತಪ್ಪುವುದು ಬಹಳ ಸುಲಭ. ಗಳದ ಕೆಳಗೆ ಹಿಕ್ಕೆಯೊಂದಿಗೆ ಬಿದ್ದು ಕೆಲವು ಒಡೆದುಹೋಗುತ್ತವೆ. ಇನ್ನು ಕೆಲವನ್ನು ಕೋಳಿಗಳೇ ತಿಂದು ಮುಗಿಸುತ್ತವೆ. ಹುಲ್ಲಿನಲ್ಲಿ ಅಂಟಂಟಾದ ತೇವ, ಹೇಂಟೆಯ ಹೊಟ್ಟೆಯ ಗರಿಗೆ ಮೆತ್ತಿದ ಹಳದಿ, ಮಡಚಿಕೊಂಡ ಬಿಳಿ ಪೊರೆಯ ತುಣುಕು, ಇವು ಕಂಡರೆ ಅಲ್ಲೊಂದು ಮೊಟ್ಟೆ ಇತ್ತೆಂದು ಬರೆದುಕೊಳ್ಳಿ. ಉಳಿದದ್ದನ್ನು ಕೂಡಲೇ ಎತ್ತಿ ಜಾಗ ಒರೆಸಿ, ಮೊಟ್ಟೆಯ ರುಚಿ ಹತ್ತಿದ ಕೋಳಿ ಗಟ್ಟಿ ಮೊಟ್ಟೆಯನ್ನೂ ಕುಕ್ಕಿ ಒಡೆಯಲು ಕಲಿಯುತ್ತದೆ. ಚಿಪ್ಪಿಲ್ಲದ ಮೊಟ್ಟೆಯನ್ನು ಅಡುಗೆಗೆ ಬಳಸಬೇಡಿ, ರೋಗಾಣುಗಳನ್ನು ತಡೆಯುವ ಗೋಡೆಯೇ ಅದಕ್ಕಿಲ್ಲ.

ಮೊಟ್ಟೆಯನ್ನು ಅಂಗೈಯಲ್ಲಿಟ್ಟು ನೋಡಿ

ಎಲ್ಲ ಕೆಟ್ಟ ಚಿಪ್ಪೂ ಒಂದೇ ಬಗೆಯದಲ್ಲ. ಚಿಪ್ಪೇ ಇಲ್ಲದೆ ಬರೀ ಪೊರೆಯಿರುವ ಮೊಟ್ಟೆ ಬೆರಳೊತ್ತಿದಲ್ಲಿ ತಗ್ಗಾಗಿ, ಬಿಟ್ಟ ಮೇಲೆ ಮೆಲ್ಲಗೆ ಉಬ್ಬುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಭಂಡಾರ ತೇಲುವುದು ಕಾಣುತ್ತದೆ. ಇಂಥದ್ದು ಒಂಟಿಯಾಗಿ ಗಳದ ಕೆಳಗೆ ಸಿಕ್ಕಿದರೆ ಅವಧಿಗೆ ಮುನ್ನವೇ ಹೊರಬಿದ್ದಿದೆ ಎಂದರ್ಥ, ಬೆದರಿಕೆಯೋ ಎಳೆ ವಯಸ್ಸೋ ಕಾರಣವಿರಬಹುದು. ಪೊರೆಯ ಮೇಲೆ ಸುಣ್ಣದ ಪುಡಿ ಸವರಿದಂತಿದ್ದು, ಒತ್ತಿದರೆ ಕಾಗದದ ಹಾಗೆ ಮುರಿಯುವ ಚಿಪ್ಪು ದಿನವೂ ಬರುತ್ತಿದ್ದರೆ ಕ್ಯಾಲ್ಸಿಯಂ, ವಿಟಮಿನ್ ಡಿ3 ಅಥವಾ ಸೆಕೆಯತ್ತ ನೋಡಿ.

ಮೇಲೆ ಸುಣ್ಣ ಬಳಿದಂತೆ ಕಾಣುವ ಗಟ್ಟಿ ಮೊಟ್ಟೆ ಸಿಕ್ಕು, ಅದೇ ದಿನ ಅದೇ ಹೇಂಟೆಯಿಂದ ಮೆತ್ತನೆಯದೂ ಸಿಕ್ಕರೆ ಗಮನಿಸಿ. ಬೆದರಿದ ಹೇಂಟೆ ಇಡಬೇಕಾದ ಮೊಟ್ಟೆಯನ್ನು ಒಳಗೇ ತಡೆದಿದೆ. ಹಿಂದಿನಿಂದ ಬಂದ ಮುಂದಿನ ಮೊಟ್ಟೆ ಗ್ರಂಥಿಯೊಳಗೇ ಅದಕ್ಕೆ ತಾಗಿ ನಿಂತಿದೆ. ಮೊದಲನೆಯದಕ್ಕೆ ಸುಣ್ಣ ಹೆಚ್ಚಾಯಿತು, ಎರಡನೆಯದಕ್ಕೆ ಸಿಗಲೇ ಇಲ್ಲ. ಇಂಥ ಜೋಡಿ ಕಂಡಾಗ ಮೇವಿನ ಚೀಲವನ್ನು ತಡಕುವ ಅಗತ್ಯವಿಲ್ಲ, ಗೂಡಿನ ಸುತ್ತ ಏನು ಓಡಾಡುತ್ತಿದೆ ಎಂದು ನೋಡಬೇಕು.

ಸುಕ್ಕುಗಟ್ಟಿದ, ಗೀರುಬಿದ್ದ ಚಿಪ್ಪು ಇದ್ದು, ಒಡೆದು ತಟ್ಟೆಗೆ ಹಾಕಿದಾಗ ಬಿಳಿಭಾಗ ನೀರಿನಂತೆ ಹರಡಿಕೊಂಡರೆ ಸೋಂಕಿನ ಗುಮಾನಿ ಬಲವಾಗುತ್ತದೆ.

ಮೇವು: ಎಲ್ಲಿ ತಪ್ಪುತ್ತದೆ

ಹಿತ್ತಲ ಕೋಳಿಗಳಲ್ಲಿ ಅತಿ ಹೆಚ್ಚು ಸಲ ದೋಷ ಸಿಗುವುದು ಇಲ್ಲಿಯೇ. ಹೆಚ್ಚು ಸಲ ಅದು ಮೇವಿನಲ್ಲೇ ಇರುವ ಕೊರತೆಗಿಂತ, ಜೊತೆಗೆ ಬೇರೆ ತಿನಿಸು ಸೇರಿ ಮೇವಿನ ಸತ್ವ ತೆಳುವಾಗುವುದರಿಂದ ಆಗುತ್ತದೆ.

ಲೇಯರ್ ಫೀಡ್‌ನಲ್ಲಿ (ಮೊಟ್ಟೆ ಇಡುವ ಹೇಂಟೆಯ ಸಿದ್ಧ ಮೇವು) ಕ್ಯಾಲ್ಸಿಯಂ ಸಾಮಾನ್ಯವಾಗಿ ಶೇ 3.5ರಿಂದ 4.5. ಬೆಳೆಯುವ ಎಳೆ ಕೋಳಿಗಳಿಗೆ ಕೊಡುವ ಗ್ರೋವರ್ ಫೀಡ್‌ನಲ್ಲಿ ಅದು ಶೇ 1ರ ಆಸುಪಾಸು. ಒಂದು ಹೇಂಟೆ ದಿನಕ್ಕೆ ಸುಮಾರು 110 ಗ್ರಾಂ ಲೇಯರ್ ಫೀಡ್ ತಿಂದರೆ, ಶೇ 4ರ ಲೆಕ್ಕದಲ್ಲಿ ಅದಕ್ಕೆ 4.4 ಗ್ರಾಂ ಸಿಗುತ್ತದೆ. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧವಷ್ಟೇ ಮೈಗೆ ಹತ್ತುತ್ತದೆ, ಅಂದರೆ ಚಿಪ್ಪಿಗೆ ಬೇಕಾದ ಎರಡು ಗ್ರಾಂ ಚಿಲ್ಲರೆಗೆ ಸರಿಯಾಗಿ ಸಾಕಾಗುತ್ತದೆ, ಮಿಗುವುದಿಲ್ಲ. ಈಗ ಅದೇ ಹೇಂಟೆಗೆ ಪ್ರೀತಿಯಿಂದ ದಿನವೂ ಎರಡು ಹಿಡಿ ಮುಸುಕಿನ ಜೋಳ ಹಾಕಿದಿರಿ ಎನ್ನಿ. ಹೊಟ್ಟೆಯ ಮೂರನೇ ಒಂದು ಭಾಗ ಜೋಳದಿಂದಲೇ ತುಂಬಿತು. ಜೋಳದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬಹುದು. ಲೇಯರ್ ಫೀಡ್ 75 ಗ್ರಾಂಗೆ ಇಳಿಯಿತು, ಕ್ಯಾಲ್ಸಿಯಂ 3 ಗ್ರಾಂಗೆ ಇಳಿಯಿತು, ಮೈಗೆ ಹತ್ತಿದ್ದು ಒಂದೂವರೆ ಗ್ರಾಂ. ಉಳಿದದ್ದನ್ನು ಹೇಂಟೆ ಮೂಳೆಯಿಂದ ತೆಗೆಯುತ್ತದೆ. ಕೆಲವು ವಾರ ಚಿಪ್ಪು ಚೆನ್ನಾಗಿಯೇ ಬರುತ್ತದೆ, ಮನೆಯವರಿಗೆ ಏನೂ ತಿಳಿಯುವುದಿಲ್ಲ. ಕಣಜ ಬರಿದಾದ ದಿನ ಮೆತ್ತನೆ ಮೊಟ್ಟೆ ಬೀಳುತ್ತದೆ. 'ಮೇವು ಬದಲಾಯಿಸಿಯೇ ಇಲ್ಲ, ಆದರೂ ಹೀಗಾಯಿತು' ಎನ್ನುವವರ ಮನೆಯಲ್ಲಿ ಮೊದಲು ನೋಡಬೇಕಾದದ್ದು ಈ ಹಿಡಿಗಾಳುಗಳನ್ನೇ. ಕಾಳು, ಸೊಪ್ಪು, ಮಿಕ್ಕಿದ ಊಟ ಎಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ, ಅದನ್ನೂ ಲೇಯರ್ ಫೀಡ್ ತಿಂದ ಮೇಲೆ ಕೊಡಿ.

ತೌಡು ಹೆಚ್ಚು ಹಾಕುವ ಮನೆಗಳಲ್ಲಿ ಇನ್ನೊಂದು ತೊಡಕು ಸೇರುತ್ತದೆ. ತೌಡಿನಲ್ಲಿರುವ ಫೈಟೇಟ್ ಕ್ಯಾಲ್ಸಿಯಂಗೆ ಅಂಟಿಕೊಂಡು ಅದನ್ನು ಕರುಳಿಗೆ ದಕ್ಕದಂತೆ ಮಾಡುತ್ತದೆ. ಪಾಲಕ್ ಮತ್ತು ಬೀಟ್‌ರೂಟ್ ಎಲೆಗಳಲ್ಲಿರುವ ಆಕ್ಸಲೇಟ್ ಕೂಡ ಇದೇ ಕೆಲಸ ಮಾಡುತ್ತದೆ. ಅಪರೂಪಕ್ಕೆ ಕೊಟ್ಟರೆ ತೊಂದರೆಯಿಲ್ಲ, ಬುಟ್ಟಿಗಟ್ಟಲೆ ಬೇಡ.

ಮ್ಯಾಶ್ ಕೊಡುವವರು ಸಂಜೆ ತಟ್ಟೆಯ ತಳವನ್ನು ಬೆರಳಿನಿಂದ ಕೆರೆದು ನೋಡಬೇಕು. ಕೋಳಿ ಕಣ್ಣಿಗೆ ಕಾಣುವ ದಪ್ಪ ಚೂರನ್ನು ಮೊದಲು ಆರಿಸುತ್ತದೆ. ವಿಟಮಿನ್ ಮತ್ತು ಸೂಕ್ಷ್ಮ ಖನಿಜಗಳು ಇರುವುದು ನುಣ್ಣನೆಯ ಹಿಟ್ಟಿನಲ್ಲಿ, ಅದು ತಳದಲ್ಲಿ ಬೂದಿಯಂತೆ ಉಳಿಯುತ್ತದೆ. ಆ ಹಿಟ್ಟನ್ನು ಚೆಲ್ಲಿ ಮೇಲೆ ಹೊಸ ಮೇವು ಸುರಿಯುವುದೆಂದರೆ ಡಿ3 ಅನ್ನೇ ಚೆಲ್ಲಿದಂತೆ. ಸ್ವಲ್ಪ ನೀರು ಹಾಕಿ ಕಲಸಿ ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಕೊಟ್ಟರೆ ಎಲ್ಲವೂ ಹೊಟ್ಟೆಗೆ ಹೋಗುತ್ತದೆ. ಕಲಸಿದ್ದನ್ನು ಹುಳಿಯಲು ಬಿಡಬಾರದು. ಚೀಲದ ಮೇಲಿನ ತಯಾರಿಕೆಯ ದಿನಾಂಕವನ್ನೂ ನೋಡಿ. ಹಳೆಯ ಮೇವಿನಲ್ಲಿ ವಿಟಮಿನ್‌ಗಳು ಸವೆದಿರುತ್ತವೆ, ಮುಗ್ಗಲು ವಾಸನೆ ಬಂದರೆ ಬೂಷ್ಟಿನ ವಿಷವೂ ಇರಬಹುದು, ಅದು ಚಿಪ್ಪಿನ ಜೊತೆಗೆ ಯಕೃತ್ತನ್ನೂ ಕೆಡಿಸುತ್ತದೆ.

ಡಿ3 ಇಲ್ಲದೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲಾರದು. ಹಗಲು ಹೊರಗೆ ಅಡ್ಡಾಡುವ ಕೋಳಿ ಬಿಸಿಲಿನಿಂದ ಅದನ್ನು ತಾನೇ ಪಡೆಯುತ್ತದೆ. ಗೂಡಿನೊಳಗೇ ಇರುವ ಕೋಳಿಗೆ ಮೇವೊಂದೇ ಗತಿ. ಗಾಜಿನ ಮೂಲಕ ಬರುವ ಬಿಸಿಲು ಈ ಕೆಲಸಕ್ಕೆ ಬಾರದು.

ಇನ್ನು ಕಪ್ಪೆಚಿಪ್ಪು. ಅದನ್ನು ಮೇವಿಗೆ ಬೆರೆಸದೆ ಬೇರೆ ತಟ್ಟೆಯಲ್ಲಿ ಇಡುವುದೇ ಸರಿ. ಹೇಂಟೆಗೆ ಕ್ಯಾಲ್ಸಿಯಂನ ಹಸಿವೇ ಬೇರೆಯಾಗಿ ತಿಳಿಯುತ್ತದೆ. ಬೇಕಾದಾಗ ಬಂದು ಬೇಕಾದಷ್ಟೇ ಕುಕ್ಕುತ್ತದೆ, ಅದರಲ್ಲೂ ಮಧ್ಯಾಹ್ನದ ನಂತರ ಹೆಚ್ಚು. ಎಲ್ಲವಕ್ಕೂ ಬೆರೆಸಿ ತಿನ್ನಿಸಿದರೆ ಮೊಟ್ಟೆ ಇಡದ ಹೇಂಟೆ, ಹುಂಜ, ಎಳೆ ಕೋಳಿಗಳ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಮರಿಗಳಿಗೆ ಲೇಯರ್ ಫೀಡ್ ಕೊಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಚೂರು 2ರಿಂದ 4 ಮಿಲಿಮೀಟರ್ ದಪ್ಪವಿರಲಿ. ಹಿಟ್ಟಿನಂತೆ ಅರೆದ ಪುಡಿ ಬೇಗ ಕರಗಿ ಸಂಜೆಯಾಗುವುದರೊಳಗೆ ಹೊರಟುಹೋಗುತ್ತದೆ, ದಪ್ಪ ಚೂರು ರಾತ್ರಿಯಿಡೀ ಜಠರದಲ್ಲಿದ್ದು ಒಂದೊಂದೇ ಕಣವಾಗಿ ಕರಗುತ್ತದೆ. ಸಂಜೆ, ಕೋಳಿ ಗಳ ಏರುವ ಮುನ್ನ, ಆ ತಟ್ಟೆ ತುಂಬಿರುವಂತೆ ನೋಡಿಕೊಳ್ಳಿ. ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯವಿದ್ದರೆ ಇದನ್ನೇ ಮಾಡಿ ಎನ್ನುತ್ತೇನೆ.

ಮನೆಯ ಮೊಟ್ಟೆಯ ಚಿಪ್ಪನ್ನು ಒಣಗಿಸಿ, ಕಾಯಿಸಿ, ಮೊಟ್ಟೆಯ ಆಕಾರ ಕಾಣದಂತೆ ಪುಡಿಮಾಡಿ ಕೊಡಬಹುದು. ಆದರೆ ಅದೊಂದನ್ನೇ ನಂಬಿದರೆ ಲೆಕ್ಕ ಕೂಡುವುದಿಲ್ಲ. ಮೈಗೆ ಹತ್ತುವುದು ಅರ್ಧ ಮಾತ್ರ ಆದ್ದರಿಂದ ತಾನಿಟ್ಟ ಚಿಪ್ಪನ್ನೇ ತಿಂದು ಹೇಂಟೆ ಇನ್ನೊಂದು ಪೂರ್ಣ ಚಿಪ್ಪು ಕಟ್ಟಲಾರದು. ಕಾಳು ಅರೆಯಲು ಹಾಕುವ ಗಟ್ಟಿ ಕಲ್ಲಿನ ಹರಳುಗಳಲ್ಲಿ ಕ್ಯಾಲ್ಸಿಯಂ ಇಲ್ಲ, ಅವನ್ನು ಚಿಪ್ಪಿನ ಚೂರಿನ ಬದಲಿಗೆ ಎಣಿಸಬೇಡಿ. ಗೋಡೆಗೆ ಬಳಿಯುವ ಸುಣ್ಣವನ್ನು, ಸುಟ್ಟ ಸುಣ್ಣವನ್ನು ಕೋಳಿಗೆ ತಿನ್ನಿಸಲೇಬೇಡಿ. ಅದು ಬಾಯಿ, ಅನ್ನನಾಳಗಳನ್ನು ಸುಡುತ್ತದೆ.

ಸೆಕೆ ಮತ್ತು ನೀರು

ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಬಿಸಿ ಏರಿದಾಗ ಬಾಯಿ ತೆರೆದು ವೇಗವಾಗಿ ಉಸಿರಾಡಿ ಮೈ ತಣಿಸಿಕೊಳ್ಳುತ್ತದೆ. ಹೀಗೆ ಉಸಿರಾಡುವಾಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದಲ್ಲಿ ಬೈಕಾರ್ಬನೇಟ್ ಇಳಿಯುತ್ತದೆ. ಚಿಪ್ಪು ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬನೇಟ್. ಕ್ಯಾಲ್ಸಿಯಂ ಎಷ್ಟೇ ಇದ್ದರೂ ಕಾರ್ಬನೇಟ್ ಸಿಗದೆ ಚಿಪ್ಪು ತೆಳುವಾಗುತ್ತದೆ. ಸಾಲದ್ದಕ್ಕೆ ಸೆಕೆಯಲ್ಲಿ ಹೇಂಟೆ ಮೇವನ್ನೂ ಕಡಿಮೆ ತಿನ್ನುತ್ತದೆ. ಬೇಸಗೆಯಲ್ಲಿ ಗುಂಪಿಗೆ ಗುಂಪೇ ತೆಳು ಚಿಪ್ಪಿನ ಮೊಟ್ಟೆ ಇಡಲು ಕಾರಣ ಇದು. ಆಗ ಇನ್ನಷ್ಟು ಕಪ್ಪೆಚಿಪ್ಪು ಹಾಕಿ ಪ್ರಯೋಜನವಿಲ್ಲ. ನೆರಳು ಬೇಕು, ಗೂಡಿನಲ್ಲಿ ಗಾಳಿಯಾಡಬೇಕು, ಮೇವನ್ನು ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ ಕೊಡಬೇಕು, ತಣ್ಣನೆಯ ನೀರು ಒಂದಕ್ಕಿಂತ ಹೆಚ್ಚು ಕಡೆ ಇರಬೇಕು.

ಹೇಂಟೆ ತಿಂದ ಮೇವಿನ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಅರ್ಧ ದಿನ ನೀರು ತಪ್ಪಿದರೂ ಮೊಟ್ಟೆಯಲ್ಲಿ ಅದರ ಫಲ ಕಾಣುತ್ತದೆ. ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಅದನ್ನೂ ಸಂದೇಹಿಸಿ. ಉಪ್ಪು ನೀರು ಕುಡಿಯುವ ಹೇಂಟೆಗಳ ಚಿಪ್ಪು ಕೆಡುತ್ತದೆ, ಬೇರೆ ನೀರು ಕೊಟ್ಟು ನೋಡುವುದೇ ಇದಕ್ಕೆ ಸುಲಭದ ಪರೀಕ್ಷೆ.

ಬೆದರಿಕೆ

ಗ್ರಂಥಿಯಲ್ಲಿ ಮೊಟ್ಟೆಯಿರುವಾಗ ಹೇಂಟೆ ಬೆಚ್ಚಿದರೆ ಗ್ರಂಥಿ ಬಿಗಿದುಕೊಂಡು ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯನ್ನು ಹೊರಹಾಕುತ್ತದೆ, ಇಲ್ಲವೇ ತಡೆದುಬಿಡುತ್ತದೆ. ನಾಯಿ, ಬೆಕ್ಕು, ಹಾವು, ಪಟಾಕಿ, ಹೊಸ ಜಾಗ, ಗುಂಪಿಗೆ ಸೇರಿದ ಹೊಸ ಕೋಳಿ, ಯಾವುದೂ ಕಾರಣವಾಗಬಹುದು. ಗುಂಪಿನ ಬಲಿಷ್ಠ ಕೋಳಿಗಳು ಮೇವಿನ ತಟ್ಟೆಯಿಂದ ಓಡಿಸುವ ಹೇಂಟೆಯದು ಎರಡು ಕಷ್ಟ: ಒತ್ತಡವೂ ಇದೆ, ಹೊಟ್ಟೆಗೂ ಇಲ್ಲ. ಮೇವಿನ ಹೊತ್ತಿನಲ್ಲಿ ದೂರ ನಿಂತು ಹತ್ತು ನಿಮಿಷ ಸುಮ್ಮನೆ ನೋಡಿದರೆ ಇದು ತಿಳಿಯುತ್ತದೆ. ತಲೆ ತಗ್ಗಿಸಿ ಸುತ್ತು ಹಾಕುತ್ತಾ ಎಲ್ಲರೂ ಹೋದ ಮೇಲೆ ತಟ್ಟೆಗೆ ಬರುವ ಹೇಂಟೆ ಯಾವುದೆಂದು ಗುರುತಿಸಿ, ಎರಡನೇ ತಟ್ಟೆಯನ್ನು ಮೊದಲನೆಯದು ಕಾಣದ ಮೂಲೆಯಲ್ಲಿಡಿ.

ರಾತ್ರಿ ಗೂಡಿನ ಮೇಲೆ ಬೀಳುವ ಬೀದಿದೀಪ, ಮನಬಂದಂತೆ ಹಚ್ಚಿ ಆರಿಸುವ ಬಲ್ಬು ಕೂಡ ಮೊಟ್ಟೆಯ ಗಡಿಯಾರವನ್ನು ಕೆಡಿಸುತ್ತವೆ.

ವಯಸ್ಸು

ಮೊದಲ ಸಲ ಮೊಟ್ಟೆಗೆ ಬಂದ ಎಳೆ ಹೇಂಟೆ ಆರಂಭದ ಒಂದೆರಡು ವಾರ ಮೆತ್ತನೆಯದು, ಎರಡು ಭಂಡಾರದ್ದು, ಪುಟಾಣಿ ಮೊಟ್ಟೆ ಎಲ್ಲವನ್ನೂ ಇಡಬಹುದು. ಗ್ರಂಥಿ ಹದಕ್ಕೆ ಬರಲು ಅಷ್ಟು ಸಮಯ ಕೊಡಿ. ಮುದಿ ಹೇಂಟೆಯ ಮೊಟ್ಟೆ ದೊಡ್ಡದಾಗುತ್ತದೆ, ಕಟ್ಟುವ ಚಿಪ್ಪಿನ ತೂಕ ಅದಕ್ಕೆ ತಕ್ಕಂತೆ ಏರುವುದಿಲ್ಲ, ಹಾಗಾಗಿ ತೆಳುವಾಗುತ್ತದೆ. ಗರಿ ಉದುರಿಸುವ ಮುನ್ನ ಕೊನೆಯ ಮೊಟ್ಟೆಗಳು ಮತ್ತು ಗರಿ ಬಂದ ಮೇಲಿನ ಮೊದಲ ಮೊಟ್ಟೆ ಹೀಗಿದ್ದರೂ ಚಿಂತೆ ಬೇಡ.

ರೋಗ

ಮೆತ್ತನೆ ಮೊಟ್ಟೆಗಳ ಜೊತೆಗೆ ಸೀನು, ಮೂಗಿನಲ್ಲಿ ನೀರು, ಗೊರಗೊರ ಉಸಿರು, ಮೊಟ್ಟೆಯ ಸಂಖ್ಯೆಯಲ್ಲಿ ಏಕಾಏಕಿ ಇಳಿತ ಕಂಡರೆ ಮೇವಿನ ಹುಡುಕಾಟ ನಿಲ್ಲಿಸಿ. ಕೊರೊನಾವೈರಸ್ ಗುಂಪಿನ ವೈರಸ್‌ನಿಂದ ಬರುವ ಸಾಂಕ್ರಾಮಿಕ ಬ್ರಾಂಕೈಟಿಸ್‌ನಲ್ಲಿ ಚಿಪ್ಪು ಸುಕ್ಕಾಗುತ್ತದೆ, ಬಿಳಿಭಾಗ ನೀರಾಗುತ್ತದೆ. ಮರಿಯಾಗಿದ್ದಾಗ ಈ ರೋಗ ಅಂಡನಾಳಕ್ಕೆ ಹಾನಿ ಮಾಡಿದ್ದರೆ ಆ ಹೇಂಟೆ ಮುಂದೆ ಎಂದೂ ಒಳ್ಳೆಯ ಮೊಟ್ಟೆ ಇಡದಿರಬಹುದು. ಕೊಕ್ಕರೆ ರೋಗದಲ್ಲಿ (ರಾಣಿಖೇತ್) ಉಸಿರಾಟದ ತೊಂದರೆಯ ಜೊತೆ ಹಸಿರು ಭೇದಿ, ಕತ್ತು ತಿರುಚಿಕೊಳ್ಳುವುದು, ಸಾವು ಇರುತ್ತವೆ.

ಇವಕ್ಕಿಂತ ಮೋಸದ್ದು ಎಗ್ ಡ್ರಾಪ್ ಸಿಂಡ್ರೋಮ್. 1976ರಲ್ಲಿ ಮೊದಲು ವರ್ಣಿಸಲಾದ ಈ ರೋಗ ಒಂದು ಅಡೆನೊವೈರಸ್‌ನಿಂದ ಬರುತ್ತದೆ, ಬಾತುಕೋಳಿ ಮತ್ತು ಹೆಬ್ಬಾತುಗಳು ಅದರ ಸಹಜ ನೆಲೆ. ಹೇಂಟೆಗಳು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇರುತ್ತವೆ. ಮೊದಲು ಕಂದು ಮೊಟ್ಟೆಗಳ ಬಣ್ಣ ಮಾಸುತ್ತದೆ, ಹಿಂದೆಯೇ ತೆಳು, ಮೆತ್ತನೆ, ಚಿಪ್ಪಿಲ್ಲದ ಮೊಟ್ಟೆಗಳು ಸಾಲಾಗಿ ಬರುತ್ತವೆ. ಕೋಳಿಗಳ ಜೊತೆ ಬಾತುಗಳನ್ನೂ ಸಾಕಿದ್ದರೆ, ಅಥವಾ ಬಾತುಗಳು ಇಳಿಯುವ ಕೆರೆಯ ನೀರನ್ನು ಕುಡಿಸುತ್ತಿದ್ದರೆ ವೈದ್ಯರಿಗೆ ಅದನ್ನು ಹೇಳಿ.

ಕೋಳಿಗಳು ಒಂದರ ಹಿಂದೆ ಒಂದು ಸಾಯುತ್ತಿದ್ದರೆ, ಜುಟ್ಟು ನೀಲಿಗಟ್ಟಿ ಮುಖ ಊದಿದ್ದರೆ ಹಕ್ಕಿಜ್ವರವಿರಬಹುದು. ಸತ್ತವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಯಾರಿಗೂ ಕೊಡಬೇಡಿ, ಪಶುವೈದ್ಯ ಇಲಾಖೆಗೆ ತಿಳಿಸಿ.

ಒಂದೇ ಹೇಂಟೆಯ ಹೊಟ್ಟೆ ಉಬ್ಬಿ ನೇತಾಡುತ್ತಿದ್ದರೆ, ಗಿಣ್ಣಿನಂಥ ಗಟ್ಟಿ ಪದರ ಪದರವಾದ ಗಡ್ಡೆ ಮೊಟ್ಟೆಯ ಬದಲು ಹೊರಬಿದ್ದರೆ ಅಂಡನಾಳದಲ್ಲಿ ಕೀವಾಗಿದೆ. ಅದಕ್ಕೆ ಮನೆಮದ್ದಿಲ್ಲ. ಇತ್ತೀಚೆಗೆ ಕೊಟ್ಟ ಔಷಧಗಳನ್ನೂ ನೆನಪಿಸಿಕೊಳ್ಳಿ: ಸಲ್ಫಾ ಔಷಧಗಳು ಚಿಪ್ಪನ್ನು ಮೆತ್ತಗೆ ಮಾಡುತ್ತವೆ.

ಸರಿಪಡಿಸಿದ ಮೇಲೆ ಎಷ್ಟು ದಿನ?

ಈ ಸಂಜೆ ಕಪ್ಪೆಚಿಪ್ಪು ಇಟ್ಟರೆ ನಾಳೆಯ ಮೊಟ್ಟೆಯಲ್ಲಿ ಅದು ಪೂರ್ತಿ ಕಾಣದು. ಆರೋಗ್ಯವಂತ ಹೇಂಟೆಯಲ್ಲಿ ಮೂರು ನಾಲ್ಕು ದಿನಗಳಲ್ಲಿ ಚಿಪ್ಪು ಗಟ್ಟಿಯಾಗತೊಡಗುತ್ತದೆ, ಬರಿದಾದ ಮೂಳೆ ತುಂಬಲು ವಾರಗಳೇ ಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೇವು, ಜಾಗ, ನೀರು ಎಲ್ಲವನ್ನೂ ಒಮ್ಮೆಲೇ ಬದಲಾಯಿಸಿದರೆ ಗುಣ ಯಾವುದರಿಂದ ಆಯಿತೆಂದು ಗೊತ್ತಾಗುವುದಿಲ್ಲ, ಜೊತೆಗೆ ಬದಲಾವಣೆಯೇ ಹೇಂಟೆಗೆ ಒತ್ತಡ.

ಎರಡು ವಾರದಲ್ಲೂ ಮೆತ್ತನೆ ಮೊಟ್ಟೆ ನಿಲ್ಲದಿದ್ದರೆ ಪಶುವೈದ್ಯರನ್ನು ಕಾಣಿ. ಹೋಗುವಾಗ ಅಂದಿನ ಹಿಕ್ಕೆಯನ್ನು ಶುದ್ಧ ಡಬ್ಬಿಯಲ್ಲಿ ಒಯ್ಯಿರಿ, ಜಂತುಹುಳು ಹೆಚ್ಚಿದ್ದರೂ ಮೇವಿನ ಸತ್ವ ಮೈಗೆ ಹತ್ತುವುದಿಲ್ಲ. ಮೇವಿನ ಚೀಲದ ಚೀಟಿ, ಕೆಟ್ಟ ಮೊಟ್ಟೆಗಳ ಚಿತ್ರ, ಯಾವ ದಿನ ಯಾವ ಹೇಂಟೆ ಎಂಥ ಮೊಟ್ಟೆ ಇಟ್ಟಿತು ಎಂಬ ಪಟ್ಟಿ ಜೊತೆಗಿರಲಿ. ಗ್ರಂಥಿಯೇ ಹಾಳಾದ ಹೇಂಟೆಯಾದರೆ ಮೊಟ್ಟೆ ಇಡುವುದನ್ನೇ ನಿಲ್ಲಿಸಿ ವಿಶ್ರಾಂತಿ ಕೊಡುವ ಬಗೆಯನ್ನು ಅವರೊಂದಿಗೆ ಮಾತನಾಡಿ. ಕೃತಕ ಬೆಳಕು ತೆಗೆದು ಹಗಲಿನ ಅವಧಿ ಕಿರಿದು ಮಾಡುವುದು ಅದರ ಮೊದಲ ಹೆಜ್ಜೆ, ಅದು ಸಾಲದಿದ್ದರೆ ಹಾರ್ಮೋನ್ ಚಿಕಿತ್ಸೆಯೂ ಇದೆ.